ಲೈನ್ ಕ್ಲಿಯರ್ ಸಿಗದ ಉಪಮೆ

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಮ್ಮಣ್ಣ ಪರಮಶಿವಯ್ಯ ನಡುಮನೆಗೆ ಟೀಪಾಯಿ ಎಳೆದು, ಅದರ ಮೇಲೆ ಏನನ್ನೋ ಇಟ್ಟು, ಅದಕ್ಕೆ ಅತ್ತಿಗೆಯ ಇಸ್ತ್ರಿ ಮಾಡಿದ ಸೀರೆ ಹೊದಿಸಿ, "ಕೂತ್ಕೊಳ್ಳಿ, ಕೂತ್ಕೊಳ್ಳಿ!" ಎಂದ. ಪ್ರೇಕ್ಷಕರು ಇಬ್ಬರೇ. ಒಬ್ಬಳು ಅತ್ತಿಗೆ ಸರ್ವಮಂಗಳ. ಇನ್ನೊಬ್ಬಳು ನಾನು. ಇಬ್ಬರಿಗೂ ಹೀಗೆ ಕೂತು ಅಭ್ಯಾಸವಿತ್ತು.

"ನನ್ನ ರೇಷ್ಮೆ ಸೀರೆನೇ ಬೇಕಿತ್ತಾ?" ಎಂದಳು ಅತ್ತಿಗೆ.

"ಉದ್ಘಾಟನೆಗೆ ಯಾರಾದ್ರೂ ಟವಲ್ ಹೊದಿಸ್ತಾರೇನೇ?"

ಅಣ್ಣ ಮೂವತ್ತೊಂದು ವರ್ಷ ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತನಾದವನು. ಈಗ ಯಂತ್ರಗಳನ್ನು ಕಂಡುಹಿಡಿಯುತ್ತಾನೆ. ಅವನ ದೋಸೆ ಮಗುಚುವ ಯಂತ್ರ ಸೂರಿಗೆ ಎಸೆದ ಎರಡು ದೋಸೆಗಳು ಅಡುಗೆಮನೆಯ ತೊಲೆಗೆ ಇನ್ನೂ ಅಂಟಿಕೊಂಡೇ ಇವೆ. ಅಪ್ಪ ಕಟ್ಟಿಸಿದ ಮನೆಯನ್ನು ಎರಡು ಭಾಗ ಮಾಡಿ ಒಂದರಲ್ಲಿ ಅವರಿಬ್ಬರು, ಇನ್ನೊಂದರಲ್ಲಿ ನಾನು ಇದ್ದೇವೆ. ನಡುವೆ ಒಂದೇ ಗೋಡೆ. ಅರಸೀಕೆರೆಯಲ್ಲಿ ಅವನ ಪ್ರಯೋಗಗಳಿಂದ ತಪ್ಪಿಸಿಕೊಳ್ಳಲಾಗದವರ ಪಟ್ಟಿ ಮಾಡಿದರೆ ನನ್ನ ಹೆಸರು ಎರಡನೆಯದು.

ಈ ಸಲದ ತಪ್ಪು ಮಾತ್ರ ನನ್ನದೇ. ನಾನು ಇಲ್ಲಿನ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಕನ್ನಡ ಹೇಳಿಕೊಡುತ್ತಿದ್ದೇನೆ. ಒಂದು ಸಂಜೆ ಒಂಬತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದುತ್ತಾ, "ಈ ಮಕ್ಕಳಿಗೆ ಅಲಂಕಾರ ಹೇಳಿಕೊಟ್ಟು ಹೇಳಿಕೊಟ್ಟು ನನ್ನ ಗಂಟಲು ಹರಿದುಹೋಯ್ತು ಕಣೋ" ಎಂದಿದ್ದೆ. ಬೇರೆ ಯಾರಾದರೂ ಆಗಿದ್ದರೆ "ಅಯ್ಯೋ ಪಾಪ" ಅಂದು ಸುಮ್ಮನಾಗುತ್ತಿದ್ದರು. ಇವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದುಹೋದ. ಬೇಸರದ ಮಾತಿಗೂ ಆರ್ಡರಿಗೂ ಇರುವ ವ್ಯತ್ಯಾಸ ಅವನಿಗೆ ಇವತ್ತಿನವರೆಗೂ ತಿಳಿದಿಲ್ಲ.

ಅಣ್ಣ ಸೀರೆ ಎಳೆದ. ಕೆಳಗೆ ಹಳೇ ಮರದ ರೇಡಿಯೊ ಪೆಟ್ಟಿಗೆ. ಅದರ ನೆತ್ತಿಯ ಮೇಲೆ ಗುಜರಿಯಿಂದ ತಂದ ಹಾರ್ನ್ ಸ್ಪೀಕರ್. ಮುಂದುಗಡೆ ಕೆಂಪು ಒಂದು, ಹಸಿರು ಒಂದು, ಎರಡು ದೀಪ.

"ಅಲಂಕಾರ ಶೋಧಕ!" ಎಂದ ಅಣ್ಣ. "ಮನುಷ್ಯ ಬಾಯಿ ಬಿಟ್ಟ ಅಂದ್ರೆ ಸಾಕು. ಆ ಮಾತಲ್ಲಿ ಯಾವ ಅಲಂಕಾರ ಅಡಗಿದ್ರೂ ಇದು ಹಿಡಿದು ಹೇಳತ್ತೆ. ಉಮಾ, ಇನ್ನು ನಿನ್ನ ಗಂಟಲಿಗೆ ಶಾಶ್ವತ ರಜ!"

ಆಮೇಲೆ ಗಂಟಲು ಸರಿಮಾಡಿಕೊಂಡು, ಹೆಂಡತಿಯ ಕಡೆ ತಿರುಗಿ, "ಸರ್ವಮಂಗಳ, ನಿನ್ನ ಮುಖ ಚಂದ್ರನ ಹಾಗಿದೆ" ಎಂದ.

ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವನು ಇಂಥ ಮಾತಾಡಿದ್ದು ಅದೇ ಮೊದಲು. ಅತ್ತಿಗೆ ಗಲಿಬಿಲಿಯಾಗಿ ಸೆರಗು ಸರಿಮಾಡಿಕೊಂಡಳು. ಅಷ್ಟರಲ್ಲಿ ಕೆಂಪು ದೀಪ ಹತ್ತಿತು. ಹಾರ್ನ್ ಗರಗರ ಎಂದಿತು. ಆಮೇಲೆ ಅತ್ತಿಗೆಯದೇ ಧ್ವನಿಯಲ್ಲಿ ಮಾತಾಡಿತು!

"ಗಮನಿಸಿ. ಉಪಮಾಲಂಕಾರ ಬಂದಿದೆ. ಉಪಮೇಯ, ಮುಖ. ಉಪಮಾನ, ಚಂದ್ರ. ಉಪಮಾವಾಚಕ, ಹಾಗೆ. ಸಮಾನ ಧರ್ಮ, ಹೇಳಿಲ್ಲ. ದಯವಿಟ್ಟು ಸಮಾನ ಧರ್ಮ ಹೇಳಿ."

"ಇದು ನನ್ನ ಧ್ವನಿ!" ಅತ್ತಿಗೆ ಕುರ್ಚಿಯಿಂದ ಎದ್ದೇಬಿಟ್ಟಳು.

"ಮತ್ತೆ? ಹೋದ ತಿಂಗಳು ನಿನ್ನ ಕೈಲಿ ವ್ಯಾಕರಣದ ಪುಸ್ತಕ ಓದಿಸಿ ರೆಕಾರ್ಡ್ ಮಾಡ್ಕೊಂಡಿದ್ದು ಯಾಕೆ ಅಂದ್ಕೊಂಡೆ?"

"ನನ್ನ ಧ್ವನಿ ಚೆನ್ನಾಗಿದೆ ಅಂತ ಅಂದ್ಕೊಂಡೆ."

"ದಯವಿಟ್ಟು ಸಮಾನ ಧರ್ಮ ಹೇಳಿ" ಎಂದಿತು ಯಂತ್ರ.

ಸಮಾನ ಧರ್ಮ ಎಂದರೆ ಹೋಲಿಸಿದ ಎರಡರಲ್ಲೂ ಇರುವ ಒಂದೇ ಗುಣ. ಮುಖದಲ್ಲೂ ಇರಬೇಕು, ಚಂದ್ರನಲ್ಲೂ ಇರಬೇಕು. ಇದನ್ನು ನಾನು ವರ್ಷಕ್ಕೆ ಆರು ಸಲದಂತೆ ಹೇಳುತ್ತಾ ಬಂದಿದ್ದೇನೆ. ಅಣ್ಣನಿಗೆ ಆ ಹೊತ್ತಿನಲ್ಲಿ ಏನೂ ಹೊಳೆಯಲಿಲ್ಲ.

"ಅದು... ದುಂಡಗಿದೆ."

"ಏನಂದ್ರಿ?" ಎಂದಳು ಅತ್ತಿಗೆ.

"ಅಲ್ಲಲ್ಲ! ಅಂದ್ರೆ... ಅಲ್ಲಲ್ಲಿ ಕಲೆ..."

"ಲೈನ್ ಕ್ಲಿಯರ್!" ಎಂದಿತು ಯಂತ್ರ. ಹಸಿರು ದೀಪ ಹತ್ತಿತು. ಆ ದಿನ ಆ ಮನೆಯಲ್ಲಿ ತಿಂಡಿ ಆಗಲಿಲ್ಲ. ಅಣ್ಣ ನಮ್ಮ ಮನೆಗೆ ಬಂದು ಅವಲಕ್ಕಿ ತಿನ್ನುತ್ತಾ ವಿವರಿಸಿದ. "ಇದು ರೈಲ್ವೆ ನಿಯಮ ಕಣೇ. ಮುಂದಿನ ಸ್ಟೇಷನ್ನಿಂದ ಲೈನ್ ಕ್ಲಿಯರ್ ಸಿಗದೆ ಗಾಡಿ ಬಿಡೋ ಹಾಗಿಲ್ಲ. ಹಾಗೇ, ಹೋಲಿಕೆ ಮಾಡಿದವರು ಗುಣ ಹೇಳದೆ ಇದು ಬಿಡೋದಿಲ್ಲ. ಬೇರೆ ಯಾರು ಹೇಳಿದ್ರೂ, ಹೋಲಿಕೆ ಮಾಡಿದವರು ಒಪ್ಪಲೇಬೇಕು."

"ಆಫ್ ಮಾಡಿದ್ರೆ?"

"ಆಗಲ್ಲ!" ಅಣ್ಣನ ಮುಖದಲ್ಲಿ ಹೆಮ್ಮೆ. "ಸಿಗ್ನಲ್ ಅಂದಮೇಲೆ ಕರೆಂಟ್ ಹೋದ್ರೂ ನಿಲ್ಲಬಾರದು. ಒಳಗೆ ಬ್ಯಾಟರಿ ಇಟ್ಟಿದ್ದೀನಿ."

ಮೊದಲ ಅನಾಹುತಕ್ಕೆ ಸಂಜೆಯವರೆಗೂ ಕಾಯಬೇಕಾಗಲಿಲ್ಲ. ಮೂರೂವರೆಗೆ ಎದುರು ಮನೆಯ ಜಲಜಾಕ್ಷಮ್ಮ ಬಂದರು. ಅತ್ತಿಗೆಗೂ ಅವರಿಗೂ ಇಪ್ಪತ್ತು ವರ್ಷದ ಸ್ನೇಹ. ಈ ಮನೆಯ ಸಾರು ಆ ಮನೆಗೆ, ಆ ಮನೆಯ ಪಲ್ಯ ಈ ಮನೆಗೆ ಹೋಗದ ದಿನವಿಲ್ಲ. ಅವರ ದೊಡ್ಡ ಮಗಳಿಗೆ ಸಂಬಂಧ ಗೊತ್ತಾಗಿತ್ತು. ಸುದ್ದಿಯನ್ನು ಮೊದಲು ಅತ್ತಿಗೆಗೇ ಹೇಳಬೇಕು ಎಂದು ಓಡಿಬಂದಿದ್ದರು. ಅತ್ತಿಗೆ ಕಾಫಿ ತರಲು ಒಳಗೆ ಹೋದಳು. ಜಲಜಾಕ್ಷಮ್ಮ ಜಗಲಿಯಲ್ಲಿ ನನ್ನ ಪಕ್ಕ ಕೂತು, ಒಳಗೆ ಕೇಳಲಿ ಎಂದು ಗಟ್ಟಿಯಾಗಿಯೇ ಶುರುಮಾಡಿದರು.

"ಹುಡುಗ ಅಪ್ಪಟ ಬಂಗಾರ ಕಣೇ ಸರ್ವಮಂಗಳ!"

ಒಳಗಿನಿಂದ ಅತ್ತಿಗೆಯ ಧ್ವನಿ ಬಂತು. "ಗಮನಿಸಿ. ರೂಪಕಾಲಂಕಾರ ಬಂದಿದೆ. ಹುಡುಗ ಬಂಗಾರದ ಹಾಗೆ ಎಂದಿಲ್ಲ. ಹುಡುಗನೇ ಬಂಗಾರ ಎಂದಿದೆ. ಹುಡುಗ ಲೋಹವಲ್ಲ."

ಜಲಜಾಕ್ಷಮ್ಮ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಸುಧಾರಿಸಿಕೊಂಡು, "ತಮಾಷೆ ಮಾಡ್ತಾಳೆ. ಅವರ ಮನೇಲಿ ಕೈಗೊಬ್ಬ ಕಾಲಿಗೊಬ್ಬ ಆಳು ಅಂತೀನಿ!" ಎಂದರು.

"ಅತಿಶಯೋಕ್ತಿ ಬಂದಿದೆ. ಕೈ ಎರಡು, ಕಾಲು ಎರಡು, ಒಟ್ಟು ನಾಲ್ಕು ಆಳು. ದಯವಿಟ್ಟು ನಿಜವಾದ ಸಂಖ್ಯೆ ಹೇಳಿ."

ಜಲಜಾಕ್ಷಮ್ಮ ಎದ್ದು ನಿಂತರು. "ಹೊಟ್ಟೆಕಿಚ್ಚು ಯಾರಿಗಿರಲ್ಲ? ಆದ್ರೆ ಈ ಪಾಟಿ ಇರಬಾರದು!"

"ನುಡಿಗಟ್ಟು ಬಂದಿದೆ. ಹೊಟ್ಟೆಯಲ್ಲಿ ಕಿಚ್ಚು ಇಲ್ಲ."

ಅತ್ತಿಗೆ ಕಾಫಿ ಲೋಟ ಹಿಡಿದು ಹೊರಗೆ ಬರುವ ಹೊತ್ತಿಗೆ ಎದುರು ಮನೆಯ ಬಾಗಿಲು ದಢಾರೆಂದು ಹಾಕಿಕೊಂಡಿತ್ತು. ನಾನು ಹೋಗಿ ಕಿಟಕಿಯ ಹತ್ತಿರ ನಿಂತು ಯಂತ್ರದ ವಿಷಯವೆಲ್ಲ ಬಿಡಿಸಿ ಹೇಳಿದೆ. "ಯಂತ್ರವಂತೆ! ಇಪ್ಪತ್ತು ವರ್ಷದಿಂದ ಕೇಳಿದ ಧ್ವನಿ ನನಗೆ ಗೊತ್ತಾಗಲ್ವಾ?" ಎಂದರು ಜಲಜಾಕ್ಷಮ್ಮ ಒಳಗಿನಿಂದಲೇ. ಮಾರನೇ ದಿನ ಅತ್ತಿಗೆ ಕಳಿಸಿದ ಸಾರಿನ ಬಟ್ಟಲು ಮುಚ್ಚಳ ಕೂಡ ತೆಗೆಯದೆ ಹಾಗೇ ವಾಪಸ್ಸು ಬಂತು. ನಾಲ್ಕನೇ ದಿನವೂ ಬಂತು. ಐದನೇ ದಿನ ಅತ್ತಿಗೆ ನಮ್ಮ ಮನೆಗೆ ಬಂದು, ಗೋಡೆಗೆ ಒರಗಿ ಕೂತು, ಕಣ್ಣು ಒರೆಸಿಕೊಂಡಳು. ಆಮೇಲೆ ಎದ್ದುಹೋಗಿ ಗಂಡನಿಗೆ ಹೇಳಿದಳು. "ಈ ಮನೇಲಿ ಅದಾದ್ರೂ ಇರಬೇಕು, ನಾನಾದ್ರೂ ಇರಬೇಕು."

ಯಂತ್ರ ಅದನ್ನು ಯಾವ ಅಲಂಕಾರ ಎಂದೂ ಹೇಳಲಿಲ್ಲ. ನೇರ ಮಾತು, ಅದಕ್ಕೆ ಗೊತ್ತಾಯಿತು.

ಹೀಗಾಗಿ ಅದು ನಮ್ಮ ಶಾಲೆಗೆ ಬಂತು. ನಾನು ಬೇಡವೆಂದೆ. ಆದರೆ ನನ್ನನ್ನು ಕೇಳಿದವರು ಯಾರು? ಅಣ್ಣ ನೇರವಾಗಿ ಹೆಡ್‌ಮಾಸ್ಟರ್ ವೀರಭದ್ರಯ್ಯನವರ ಹತ್ತಿರ ಹೋದ. ನಮ್ಮ ಶಾಲೆಯ ಬೆಲ್ ಕೆಟ್ಟು ಎರಡು ತಿಂಗಳಾಗಿತ್ತು. "ಸರ್, ಇದಕ್ಕೇ ಬೆಲ್ಲನ್ನೂ ಜೋಡಿಸಿಬಿಡ್ತೀನಿ. ಟೈಮಿಗೆ ಸರಿಯಾಗಿ ಹೊಡೀತದೆ, ಜೊತೆಗೆ ವ್ಯಾಕರಣ ಫ್ರೀ!" ಎಂದ. ಹೆಡ್‌ಮಾಸ್ಟರು ಫ್ರೀ ಎಂಬ ಪದದ ಆಚೆಗೆ ಏನನ್ನೂ ಕೇಳಿಸಿಕೊಳ್ಳಲಿಲ್ಲ. ಸೋಮವಾರದ ಹೊತ್ತಿಗೆ ಒಂಬತ್ತನೇ 'ಬಿ' ವಿಭಾಗದ ಗೋಡೆಯ ಮೇಲೆ ಪೆಟ್ಟಿಗೆ, ವರಾಂಡದಲ್ಲಿ ಹಾರ್ನ್, ತರಗತಿಗೊಂದು, ಪ್ರಾರ್ಥನೆಯ ಮೈದಾನಕ್ಕೊಂದು ಮೈಕು.

ಮೊದಲ ದಿನ ನಾನು ತರಗತಿಗೆ ಹೋಗಿ, "ಒಂದೊಂದು ಉಪಮೆ ಹೇಳಿ" ಎಂದೆ.

"ಅವಳ ಮುಖ ಕಮಲದಂತೆ ಅರಳಿತು" ಎಂದಿತು ಮೊದಲನೇ ಬೆಂಚು. ಹಸಿರು ದೀಪ. ಎರಡನೇ ಬೆಂಚಿನ ಮುಖವೂ ಕಮಲದಂತೆ ಅರಳಿತು. ಮೂರನೇ ಬೆಂಚಿನದೂ ಅರಳಿತು. ಐದನೇ ಹುಡುಗಿ ಬಾಯಿ ತೆಗೆದ ಕೂಡಲೇ ಯಂತ್ರ ಹೇಳಿತು. "ಈ ಕಮಲ ಐದನೇ ಬಾರಿ ಬಂದಿದೆ. ಈ ಗಾಡಿ ಈಗಾಗಲೇ ಹೊರಟುಹೋಗಿದೆ. ದಯವಿಟ್ಟು ಬೇರೆ ಗಾಡಿ ಹಿಡಿಯಿರಿ."

ಮಕ್ಕಳು ಬೆರಗಾದರು. ನಿಜ ಹೇಳಬೇಕೆಂದರೆ ಇಪ್ಪತ್ತಾರು ವರ್ಷದಿಂದ ನಾನು ಹೇಳಬೇಕೆಂದಿದ್ದ ಮಾತು ಅದು.

ಹೆಡ್‌ಮಾಸ್ಟರರ ಸರದಿ ಮಾರನೇ ಬೆಳಿಗ್ಗೆ ಬಂತು. ಪ್ರಾರ್ಥನೆಯಾದ ಮೇಲೆ ಅವರು ಮೈಕಿನ ಮುಂದೆ ನಿಂತು, ಎರಡೂ ಕೈ ಚಾಚಿ, "ಮಕ್ಕಳೇ ದೇವರು!" ಎಂದರು.

ಕೆಂಪು ದೀಪ. "ಗಮನಿಸಿ. ರೂಪಕಾಲಂಕಾರ ಬಂದಿದೆ. ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ಇದೇ ಧ್ವನಿ ಇದೇ ಮಕ್ಕಳನ್ನು 'ಕತ್ತೆಗಳ ಹಾಗೆ' ಎಂದಿದೆ. ಉಪಮಾನ ಎರಡಾಯಿತು. ದಯವಿಟ್ಟು ಒಂದನ್ನು ಆರಿಸಿ."

ನಾನೂರು ಮಕ್ಕಳು ಹೆಡ್‌ಮಾಸ್ಟರರ ಮುಖ ನೋಡಿದರು. ಅವರು ಕೆಮ್ಮಿದರು. ಕನ್ನಡಕ ತೆಗೆದು ಒರೆಸಿದರು. ಎಷ್ಟೋ ಹೊತ್ತಿನ ಮೇಲೆ ಸಣ್ಣ ಧ್ವನಿಯಲ್ಲಿ "ದೇವರು" ಎಂದರು. ಬೆಲ್ ಆಯಿತು. ಅವತ್ತಿನಿಂದ ಅವರ ಭಾಷಣಗಳು ಒಂದೂವರೆ ನಿಮಿಷಕ್ಕೆ ಇಳಿದವು. ಸ್ಟಾಫ್ ರೂಮಿನಲ್ಲಿ ಯಾರೋ ನನಗೆ ಬರ್ಫಿ ಕೊಟ್ಟರು.

ಅಲ್ಲಿಗೇ ನಿಂತಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ. ಬುಧವಾರ ಮೂರನೇ ಪೀರಿಯಡ್ ನನ್ನದು. ನಾಲ್ಕನೆಯದು ಗಣಿತ, ಅದರಲ್ಲೂ ಟೆಸ್ಟು. ಬೆಲ್ಲಿಗೆ ಒಂದು ನಿಮಿಷವಿದ್ದಾಗ ಕೊನೇ ಬೆಂಚಿನ ಯಶವಂತ ಎದ್ದು ನಿಂತ. ಅವನು ತಾನಾಗಿ ಎದ್ದದ್ದು ನೋಡಿಯೇ ನನಗೆ ಅನುಮಾನ ಬರಬೇಕಿತ್ತು.

"ಮೇಡಂ, ಒಂದು ಉಪಮೆ. ಲೋಕಪ್ಪ ಸರ್ ಮೀಸೆ ತಂಗಳು ಮುದ್ದೆಯ ಹಾಗಿದೆ."

"ಗಮನಿಸಿ. ಉಪಮಾಲಂಕಾರ ಬಂದಿದೆ. ದಯವಿಟ್ಟು ಸಮಾನ ಧರ್ಮ ಹೇಳಿ."

"ಏನೋ ಅದು ಸಮಾನ ಧರ್ಮ?" ಎಂದೆ.

"ಗೊತ್ತಿಲ್ಲ ಮೇಡಂ. ಬಾಯಿಗೆ ಬಂತು, ಹೇಳಿದೆ."

ಹನ್ನೆರಡೂಕಾಲಾಯಿತು. ಬೆಲ್ ಹೊಡೆಯಲಿಲ್ಲ. ಯಂತ್ರ ಕೆಂಪು ದೀಪ ಹತ್ತಿಸಿಕೊಂಡು ಕೂತಿತ್ತು. ಪ್ರಶ್ನೆಪತ್ರಿಕೆಯ ಕಟ್ಟು ಹಿಡಿದು ಗಣಿತದ ಲೋಕಪ್ಪ ಸರ್ ಬಾಗಿಲಲ್ಲಿ ಬಂದು ನಿಂತರು.

"ಮೇಡಂ, ನನ್ನ ಪೀರಿಯಡ್ಡು."

"ಬೆಲ್ ಆಗಿಲ್ವಲ್ಲ ಸರ್."

"ಯಾಕೆ ಆಗಿಲ್ಲ?"

ನಾನು ಏನೆಂದು ಹೇಳಲಿ? "ನಿಮ್ಮ ಮೀಸೆಗೆ ಲೈನ್ ಕ್ಲಿಯರ್ ಸಿಕ್ಕಿಲ್ಲ ಸರ್" ಎಂದೆ.

ತರಗತಿಯೆಲ್ಲ ಸೇರಿ ಹುಡುಕಿತು. "ಗಟ್ಟಿ?" ಎಂದಳೊಬ್ಬಳು. "ಅದಲ್ಲ" ಎಂದ ಯಶವಂತ. "ಅಂಟು?" "ಅಲ್ಲ." "ಬೂದು ಬಣ್ಣ?" "ಊಹೂಂ." ಕೊನೆಗೆ ಲೋಕಪ್ಪ ಸರ್ ತಾವೇ ಮೀಸೆ ಸವರಿಕೊಂಡು, "ಒಣಗಿದೆಯೇನಪ್ಪಾ?" ಎಂದು ಕೇಳಿದರು, ಅವರ ಮುಖದಲ್ಲಿ ನಿಜವಾದ ಕುತೂಹಲವಿತ್ತು. ಯಶವಂತ ಅಲ್ಲವೆಂದು ತಲೆಯಾಡಿಸಿದ. ಒಂದೂವರೆಯಾಯಿತು. ಬಿಸಿಯೂಟದ ಸಾಂಬಾರಿನ ವಾಸನೆ ಬಂದ ಮೇಲೆ ಅವನ ಮನಸ್ಸು ಕರಗಿತು. "ನೀರಲ್ಲಿ ಅದ್ದಿದ್ರೆ ಮೆತ್ತಗಾಗತ್ತೆ ಮೇಡಂ" ಎಂದ.

"ಲೈನ್ ಕ್ಲಿಯರ್!" ಬೆಲ್ ಹೊಡೆಯಿತು. ಲೋಕಪ್ಪ ಸರ್ ಕಟ್ಟು ಕಂಕುಳಲ್ಲಿಟ್ಟುಕೊಂಡು ಹಾಗೇ ವಾಪಸ್ಸು ಹೋದರು. ಅವರು ಮೀಸೆಗೆ ನೀರು ಹಚ್ಚಿ ತೀಡುವುದು ಶಾಲೆಗೆಲ್ಲ ಗೊತ್ತಿದ್ದ ವಿಷಯವೇ.

ಉಪಮೆ ಕಠಿಣವಾದಷ್ಟೂ ಗಣಿತ ದೂರ! ಈ ಸತ್ಯ 'ಬಿ' ವಿಭಾಗದ ನಲವತ್ತೊಂದು ತಲೆಗಳಿಗೂ ಏಕಕಾಲಕ್ಕೆ ಹೊಳೆಯಿತು. ಮಾರನೇ ದಿನದಿಂದ ಮಕ್ಕಳು ಮನೆಯಲ್ಲೇ ಹೋಲಿಕೆ ತಯಾರಿಸಿಕೊಂಡು ಬರತೊಡಗಿದರು. ಹಳೆಯದಾದರೆ ಯಂತ್ರ ಕ್ಷಣದಲ್ಲಿ ಬಿಟ್ಟುಬಿಡುತ್ತಿತ್ತು. ಆದ್ದರಿಂದ ಯಾರೂ ಹೇಳದ್ದೇ ಬೇಕು. ಸುಮ್ಮನೆ ಒದರಿದರೂ ಆಗದು. ಕೊನೆಗೆ ಗುಣ ಹೇಳಿ ಬಿಡಿಸಿಕೊಳ್ಳದಿದ್ದರೆ ಬಿಸಿಯೂಟ ಇಲ್ಲ.

"ನಮ್ಮಜ್ಜಿ ಕೋಪ ಒಲೆ ಮೇಲಿನ ಹಾಲಿನ ಹಾಗೆ" ಎಂದಳು ಒಬ್ಬಳು. ನಲವತ್ತು ನಿಮಿಷ ಎಲ್ಲರನ್ನೂ ಕಾಯಿಸಿ ಆಮೇಲೆ ಹೇಳಿದಳು, "ನೋಡ್ತಾ ನಿಂತ್ರೆ ಬರಲ್ಲ. ಆಚೆ ತಿರುಗಿದ್ರೆ ಉಕ್ಕತ್ತೆ."

"ನಮ್ಮಪ್ಪನ ಪ್ರೀತಿ ಫ್ರಿಜ್ ಒಳಗಿನ ಲೈಟಿನ ಹಾಗೆ" ಎಂದ ಇನ್ನೊಬ್ಬ. "ಬಾಗಿಲು ಹಾಕಿದ ಮೇಲೂ ಉರೀತಿರತ್ತಾ ಇಲ್ವಾ ಗೊತ್ತಾಗಲ್ಲ."

ಇಪ್ಪತ್ತಾರು ವರ್ಷದಲ್ಲಿ ನನ್ನ ತರಗತಿಯಲ್ಲಿ ಇಂಥ ಮಾತು ಹುಟ್ಟಿರಲಿಲ್ಲ. ನಾನು ಸಂತೋಷಪಡಬೇಕಿತ್ತು. ಆದರೆ ನಿಂತು ಎರಡು ಗಂಟೆಯಾಗಿತ್ತು, ಮಂಡಿ ನೋಯುತ್ತಿತ್ತು. ಸಂತೋಷವನ್ನು ಶನಿವಾರಕ್ಕೆ ಮುಂದೂಡಿದೆ. ಶನಿವಾರವೂ ಅವರು ಒಂದೂವರೆವರೆಗೆ ಬಿಡಲಿಲ್ಲ.

ಒಂಬತ್ತು ದಿನ ಗಣಿತವಾಗದೆ ಲೋಕಪ್ಪ ಸರ್ ಹೆಡ್‌ಮಾಸ್ಟರರಿಗೆ ಅರ್ಜಿ ಬರೆದರು. ಹೆಡ್‌ಮಾಸ್ಟರು ಅಣ್ಣನನ್ನು ಕರೆಸಿದರು. "ಬೆಲ್ಲನ್ನ ಅದರಿಂದ ಬಿಡಿಸ್ರೀ!"

"ಶನಿವಾರ ಬಂದು ಬಿಡಿಸ್ತೀನಿ ಸರ್. ಆದ್ರೆ ಕೆಂಪು ಇದ್ದಾಗ ಮುಟ್ಟೋ ಹಾಗಿಲ್ಲ. ಅವತ್ತು ಒಳಗೆ ಯಾವ ಉಪಮೆಯೂ ಬಾಕಿ ಇರಬಾರದು" ಎಂದ ಅಣ್ಣ.

ಇನ್ನೊಂದೇ ದಿನ ಉಳಿದಿತ್ತು. ಶುಕ್ರವಾರ ಕೊನೆಯ ಪೀರಿಯಡ್ ಕನ್ನಡ. ನಾಲ್ಕು ಇಪ್ಪತ್ತಕ್ಕೆ ಮನೆಗೆ ಬಿಡಬೇಕು. ಆಗ ಗಣಿತವೂ ಇಲ್ಲ, ಟೆಸ್ಟೂ ಇಲ್ಲ, ಯಾರಿಗೂ ಯಾರನ್ನೂ ತಡೆಯುವ ಅಗತ್ಯವಿಲ್ಲ. ನಾನು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ. ಅಷ್ಟರಲ್ಲಿ ಮೂರನೇ ಬೆಂಚಿನಿಂದ ತಬಸ್ಸುಮ್ ಎದ್ದಳು.

ತಬಸ್ಸುಮ್ ಮಾತಾಡದ ಹುಡುಗಿ. ಹಾಜರಿ ಕೂಗಿದರೆ ಕೈ ಎತ್ತುತ್ತಾಳೆ, ಅಷ್ಟೇ. ಅವಳಪ್ಪ ಸ್ಟೇಷನ್ನಿನಲ್ಲಿ ಟೀ ಮಾರುತ್ತಾರೆ. ಶಾಲೆ ಬಿಟ್ಟ ಮೇಲೆ ಅವಳು ಅಲ್ಲೇ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಾಳೆ. ಎಲ್ಲರೂ ಹೇಳಿ ಮುಗಿಸಿದ್ದರು, ತಾನೊಬ್ಬಳೇ ಹೇಳಿಲ್ಲ ಎಂದು ಅವಳಿಗೆ ಅನ್ನಿಸಿರಬೇಕು. ನೆಲ ನೋಡುತ್ತಾ ಹೇಳಿದಳು.

"ನಮ್ಮ ಕನ್ನಡ ಮೇಡಂ ಸ್ಟೇಷನ್ ಗಡಿಯಾರದ ಹಾಗೆ."

"ಗಮನಿಸಿ. ಉಪಮಾಲಂಕಾರ ಬಂದಿದೆ. ದಯವಿಟ್ಟು ಸಮಾನ ಧರ್ಮ ಹೇಳಿ."

ತಬಸ್ಸುಮ್ ಬಾಯಿ ತೆರೆದಳು. ನನ್ನನ್ನು ನೋಡಿದಳು. ಬಾಯಿ ಮುಚ್ಚಿಕೊಂಡಳು. ಕೂತುಬಿಟ್ಟಳು.

"ಹೇಳಮ್ಮ" ಎಂದೆ. ಒಲ್ಲೆನೆಂದು ತಲೆಯಾಡಿಸಿದಳು. "ಟೈಮಿಗೆ ಸರಿಯಾಗಿ ಬರ್ತಾರೆ!" ಎಂದ ಯಶವಂತ. ಅವಳು ಅಲ್ಲವೆಂದಳು. "ದುಂಡಗಿದ್ದಾರೆ!" ಎಂದು ಯಾರೋ ಹಿಂದಿನಿಂದ ಕೂಗಿದರು. ಅದೂ ಅಲ್ಲ. "ಯಾವಾಗಲೂ ಹತ್ತು ನಿಮಿಷ ಹಿಂದೆ!" ಅದಂತೂ ಅಲ್ಲವೇ ಅಲ್ಲ.

ನಾಲ್ಕೂವರೆಯಾಯಿತು. ನಾಲ್ಕೂ ಮುಕ್ಕಾಲಾಯಿತು. ಇಡೀ ಶಾಲೆ ಚೀಲ ಹೆಗಲಿಗೇರಿಸಿಕೊಂಡು ಗೇಟಿನ ಹತ್ತಿರ ಸೇರಿತು. ವಾಚ್‌ಮನ್ ಚಿಕ್ಕಹನುಮಯ್ಯ ಬೀಗದ ಕೈ ಜೇಬಿಗೆ ಹಾಕಿಕೊಂಡು ನಿಂತಿದ್ದ. ಒಂದು ಸಲ ಬೆಲ್ಲಿಗೆ ಮುಂಚೆ ಗೇಟ್ ತೆಗೆದಿದ್ದಕ್ಕೆ ಹೆಡ್‌ಮಾಸ್ಟರು ಅವನಿಗೆ ಮೆಮೊ ಕೊಟ್ಟಿದ್ದರು.

"ನಾನೇ ಹೇಳ್ತಿದ್ದೀನಿ, ತೆಗೆಯೋ!" ಎಂದರು ಹೆಡ್‌ಮಾಸ್ಟರು.

"ಬರವಣಿಗೇಲಿ ಕೊಡಿ ಸಾಮಿ" ಎಂದ ಚಿಕ್ಕಹನುಮಯ್ಯ. "ಮೆಮೊ ಬರವಣಿಗೇಲೇ ಕೊಟ್ರಲ್ಲ."

ಬರೆದುಕೊಡಲು ಹೆಡ್‌ಮಾಸ್ಟರಿಗೆ ಸ್ವಾಭಿಮಾನ ಅಡ್ಡ ಬಂತು. ಅಣ್ಣನಿಗೆ ಫೋನ್ ಹೋಯಿತು. ಅವನು ಸ್ಕ್ರೂಡ್ರೈವರ್ ಹಿಡಿದು ಓಡಿಬಂದ, ಅವನ ಬಿ.ಪಿ. ಮಾತ್ರೆ ಹಿಡಿದು ಅತ್ತಿಗೆ ಹಿಂದೆ ಓಡಿಬಂದಳು. ಅವನನ್ನು ಗೇಟು ಹತ್ತಿಸಿ ಒಳಗೆ ಇಳಿಸಿದರು, ಅತ್ತಿಗೆ ಹೊರಗೇ ಉಳಿದಳು. ಹೊರಗೆ ಆಗಲೇ ತಂದೆತಾಯಿಗಳ ಗುಂಪು. ಅದರಲ್ಲಿ ಜಲಜಾಕ್ಷಮ್ಮ! ಅವರ ಎರಡನೇ ಮಗಳು ಎಂಟನೇ ತರಗತಿ. ಅತ್ತಿಗೆಯನ್ನು ಕಂಡು ಅವರು ಮುಖ ಆ ಕಡೆ ತಿರುಗಿಸಿದರು. ಅತ್ತಿಗೆ ಯಾರೋ ಕೊಟ್ಟ ಕಡಲೆಕಾಯಿಯನ್ನು ಬಾಯಿಗೆ ಹಾಕಿಕೊಂಡಳು.

ವರಾಂಡದ ಹಾರ್ನ್ ಆ ಹೊತ್ತಿಗೆ ಸರಿಯಾಗಿ ಮೊಳಗಿತು. "ದಯವಿಟ್ಟು ಸಮಾನ ಧರ್ಮ ಹೇಳಿ!"

ಜಲಜಾಕ್ಷಮ್ಮ ಹಾರ್ನ್ ನೋಡಿದರು. ತಿರುಗಿ ಅತ್ತಿಗೆಯನ್ನು ನೋಡಿದರು. ಅತ್ತಿಗೆಯ ಎರಡೂ ಕೆನ್ನೆ ತುಂಬ ಕಡಲೆಕಾಯಿ. ಹಾರ್ನ್ ಮತ್ತೆ ಕೂಗಿತು.

"ಅಯ್ಯೋ ಶಿವನೇ! ನಿನ್ನ ಬಾಯಿ ಮುಚ್ಚಿದೆಯಲ್ಲೇ!" ಎಂದರು ಜಲಜಾಕ್ಷಮ್ಮ.

ಅತ್ತಿಗೆಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಬರೀ ತಲೆಯಾಡಿಸಿದಳು. ಕಣ್ಣಲ್ಲಿ ನೀರು ಬಂತು. ಜಲಜಾಕ್ಷಮ್ಮ ಅವಳ ಬೆನ್ನು ಸವರುತ್ತಾ, "ನಿಧಾನ, ನಿಧಾನ, ಗಂಟಲಿಗೆ ಸಿಕ್ಕೀತು. ಹುಡುಗನ ಮನೇಲಿ ಆಳು ಒಬ್ಬನೇ ಕಣೇ. ಅವನೂ ದಿನಾ ಬರಲ್ಲ" ಎಂದರು.

ಇತ್ತ ಒಳಗೆ ಐದೂಕಾಲು. ಅಣ್ಣ ಪೆಟ್ಟಿಗೆಯ ಮುಂದೆ ಕೂತು, "ಮುಟ್ಟೋ ಹಾಗಿಲ್ಲ. ಕೆಂಪು ಇದೆ" ಎಂದು ತಾನು ಮಾಡಿದ ನಿಯಮಕ್ಕೆ ತಾನೇ ಕೈಮುಗಿದು ಕೂತಿದ್ದ. ನಾನು ತಬಸ್ಸುಮ್‌ಳ ಕೈ ಹಿಡಿದು ವರಾಂಡದ ಮೆಟ್ಟಿಲಿಗೆ ಕರೆದುಕೊಂಡು ಹೋದೆ. ಇಬ್ಬರೂ ಕೂತೆವು. ಅವಳು ಅಳುವ ಹಾಗಿದ್ದಳು.

"ನಾನು ಬಯ್ಯಲ್ಲ. ಹೇಳು."

"ನಿಮಗೆ ಬೇಜಾರಾಗತ್ತೆ ಮೇಡಂ."

"ನನಗೆ ಬೇಜಾರಾಗಿ ಬಹಳ ವರ್ಷ ಆಯ್ತು. ಹೊಸದಾಗಿ ಏನೂ ಆಗಲ್ಲ. ಹೇಳು."

ಅವಳು ಚೀಲದ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಸ್ಟೇಷನ್ನಲ್ಲಿ ಎಲ್ಲರೂ ಗಡಿಯಾರ ನೋಡ್ತಾರೆ ಮೇಡಂ. ಬಂದವರೆಲ್ಲ ನೋಡ್ತಾರೆ. ಅವರ ಗಾಡಿ ಎಷ್ಟೊತ್ತಿಗೆ ಅಂತ ನೋಡ್ತಾರೆ. ಗಡಿಯಾರ ಹೇಗಿದೆ ಅಂತ ಯಾರೂ ನೋಡಲ್ಲ."

ಗೇಟಿನ ಹತ್ತಿರ ನಾನೂರು ಮಕ್ಕಳ ಗದ್ದಲ. ದೂರದಲ್ಲಿ ಯಾವುದೋ ಗಾಡಿ ಕೂಗು ಹಾಕಿಕೊಂಡು ಹೋಯಿತು.

"ಮೈಕಿನ ಹತ್ತಿರ ಹೋಗಿ ಹೇಳ್ತೀಯಾ?" ಎಂದೆ ಕೊನೆಗೆ.

"ನೀವೇ ಹೇಳಿ ಮೇಡಂ. ನನಗೆ ಭಯ."

ತರಗತಿಗೆ ಹೋಗಿ ಮೈಕಿನಲ್ಲಿ ನಾನೇ ಹೇಳಿದೆ. "ಎಲ್ಲರೂ ನೋಡುತ್ತಾರೆ. ಹೇಗಿದೆ ಎಂದು ಯಾರೂ ನೋಡುವುದಿಲ್ಲ." ಹಾರ್ನಿನಲ್ಲಿ ನನ್ನ ಧ್ವನಿ ಶಾಲೆಯ ಆಚೆಗೂ ಕೇಳಿಸಿತು. ಗದ್ದಲ ನಿಂತಿತು. ಹೆಡ್‌ಮಾಸ್ಟರು ತಮ್ಮ ಚಪ್ಪಲಿ ನೋಡಿಕೊಂಡರು. ಅಣ್ಣ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿಕೊಂಡ.

ಯಂತ್ರ ತುಂಬ ಹೊತ್ತು ಗರಗರ ಎಂದಿತು. "ಹೋಲಿಕೆ ಮಾಡಿದವರಿಗೆ ಒಪ್ಪಿಗೆಯೇ?"

"ಹ್ಞೂಂ" ಎಂದಳು ತಬಸ್ಸುಮ್.

"ಲೈನ್ ಕ್ಲಿಯರ್."

ಬೆಲ್ ಹೊಡೆಯಿತು! ಚಿಕ್ಕಹನುಮಯ್ಯ ಗೇಟ್ ತೆಗೆದ. ಕಟ್ಟೆ ಒಡೆದ ಹಾಗೆ ಎಲ್ಲರೂ ಓಡಿದರು. ತಬಸ್ಸುಮ್ ಕೂಡ ಓಡಿದಳು. ಗೇಟಿನವರೆಗೂ ಹೋದವಳು ನಿಂತು, ವಾಪಸ್ಸು ಬಂದು, ನನ್ನ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿ ನೋಡಿದಳು.

"ಮೇಡಂ, ನಿಮ್ಮ ಕನ್ನಡಕ ಸೊಟ್ಟಗಿದೆ" ಎಂದು ಹೇಳಿ ಮತ್ತೆ ಓಡಿದಳು.

ಶನಿವಾರ ಅಣ್ಣ ಬಂದು ಪೆಟ್ಟಿಗೆ ಬಿಚ್ಚಿದ. ಮೂರು ಗಂಟೆ ತಲೆ ಒಳಗೆ ತೂರಿಸಿಕೊಂಡಿದ್ದು, ಆಮೇಲೆ ತಲೆ ಹೊರಗೆ ತೆಗೆದ. "ಮಕ್ಕಳ ಹೋಲಿಕೆ ಎಲ್ಲ ಒಳಗೆ ತುಂಬಿ, ವ್ಯಾಕರಣವೆಲ್ಲ ಆಚೆ ಚೆಲ್ಲಿಹೋಗಿದೆ ಉಮಾ. ಇನ್ನು ಇದು ಯಾರನ್ನೂ ಹಿಡಿಯಲ್ಲ. ಯಾರನ್ನೂ ಏನೂ ಕೇಳಲ್ಲ. ಬರೀ ಬೆಲ್ ಹೊಡೆಯತ್ತೆ, ಪೀರಿಯಡ್ ಹೆಸರು ಹೇಳತ್ತೆ, ಅಷ್ಟೇ." ನಾವು ನೆಮ್ಮದಿಯಿಂದ ಮನೆಗೆ ಹೋದೆವು.

ಸೋಮವಾರ ಹತ್ತು ಗಂಟೆಗೆ ಸರಿಯಾಗಿ ಬೆಲ್ ಹೊಡೆಯಿತು. ಹಾರ್ನ್ ಅತ್ತಿಗೆಯ ಧ್ವನಿಯಲ್ಲಿ ಮೊಳಗಿತು.

"ಗಮನಿಸಿ. ಮುಖ್ಯೋಪಾಧ್ಯಾಯರ ಭಾಷಣ, ಎಲೆ ಎತ್ತಿದ ಮೇಲೆ ಬಂದ ಉಪ್ಪಿನಕಾಯಿಯ ಹಾಗೆ, ಆರಂಭವಾಗಲಿದೆ."

ಹೆಡ್‌ಮಾಸ್ಟರು ತೆರೆದ ಬಾಯಿಯನ್ನು ಹಾಗೇ ಮುಚ್ಚಿದರು. ಹತ್ತೂ ಹದಿನೈದಕ್ಕೆ, "ಮೊದಲನೇ ಪೀರಿಯಡ್ ಗಣಿತ, ಚಳಿಗಾಲದಲ್ಲಿ ಬೆನ್ನಿಗೆ ಬಿದ್ದ ತಣ್ಣೀರಿನ ಹಾಗೆ, ಬರುತ್ತಿದೆ!" ಲೋಕಪ್ಪ ಸರ್ ವರಾಂಡದಲ್ಲೇ ಒಂದು ಕ್ಷಣ ನಿಂತು, ಆಮೇಲೆ ಅದೇ ನಿಜ ಎನ್ನುವಂತೆ ಒಳಗೆ ಹೋದರು. ಬಿಸಿಯೂಟವನ್ನು ಅದು 'ತವರಿನ ಬಸ್ಸಿನ ಹಾಗೆ' ಎಂದಿತು. ಕೊನೆಯ ಬೆಲ್ಲನ್ನು ಏನೆಂದಿತೋ ಗೊತ್ತಿಲ್ಲ, ಮಕ್ಕಳ ಕಿರುಚಾಟದಲ್ಲಿ ಕೇಳಿಸಲಿಲ್ಲ. ಅತ್ತಿಗೆಯೂ ಜಲಜಾಕ್ಷಮ್ಮನೂ ಈಗ ದಿನಾ ಸಂಜೆ ಗೇಟಿನ ಹೊರಗೆ ನಿಂತು ಕೇಳಿಸಿಕೊಂಡು ಹೋಗುತ್ತಾರೆ. "ಇಷ್ಟು ಚೆನ್ನಾಗಿ ನಾನು ಯಾವತ್ತೂ ಮಾತಾಡಿಲ್ಲ" ಎನ್ನುತ್ತಾಳೆ ಅತ್ತಿಗೆ.

ತೆಗೆದು ಬಿಸಾಡೋಣವೆಂದರೆ ಶಾಲೆಗೆ ಬೇರೆ ಬೆಲ್ ಇಲ್ಲ. ಹೆಡ್‌ಮಾಸ್ಟರು ಒಂದು ವಾರ ಯೋಚಿಸಿ ಸುತ್ತೋಲೆ ಹೊರಡಿಸಿದರು. ಸದರಿ ಯಂತ್ರ ಆಡುವುದೆಲ್ಲ ಉಪಮೆಯೇ ಆಗಿರುವುದರಿಂದ ಅದು ಕನ್ನಡ ವಿಭಾಗದ ವ್ಯಾಪ್ತಿಗೆ ಬರುತ್ತದೆ; ಅದನ್ನು ದಿನಾ ಒರೆಸುವುದು ಹಾಗೂ ಹಾರ್ನಿನ ಒಳಗೆ ಗುಬ್ಬಿ ಗೂಡು ಕಟ್ಟದಂತೆ ನೋಡಿಕೊಳ್ಳುವುದು ಇನ್ನು ಮುಂದೆ ಕನ್ನಡ ವಿಭಾಗದ ಜವಾಬ್ದಾರಿ.

ನಮ್ಮ ಶಾಲೆಯಲ್ಲಿ ಕನ್ನಡ ವಿಭಾಗ ಎಂದರೆ ನಾನೊಬ್ಬಳೇ.